ಅಳಿಯಂದ್ರು ತಮಗೆಂದು ತೆಗೆದಿಟ್ಟ ಮಿಷನ್

"ಅಂಗಿ ಮೇಲಿನ ಬಟನ್ ಹಾಕ್ಕೊಳ್ರಿ, ನೋಡಾಣ."

ಮರ ಕೊಯ್ಯುವ ಮಿಷನ್ ಕೊಳ್ಳಲು ಬಂದ ಗಿರಾಕಿಗೆ ಯಾವ ಅಂಗಡಿಯವರಾದರೂ ಇಂಥ ಮಾತು ಹೇಳುತ್ತಾರೆಯೇ? ಹರಿಹರದ ಶಿವಮೊಗ್ಗ ರಸ್ತೆಯ ಒಂದು ಅಂಗಡಿಯಲ್ಲಿ ಹೇಳುತ್ತಿದ್ದರು. ಮೊದಲು ಗಿರಾಕಿಯನ್ನು ಅಂಗಡಿಯ ಹಿಂದಿನ ಸಣ್ಣ ಅಂಗಳಕ್ಕೆ ಕರೆದೊಯ್ದು, ಅಲ್ಲಿ ಉರುಳಿಸಿಟ್ಟಿದ್ದ ನೀಲಗಿರಿ ದಿಮ್ಮಿಯನ್ನು ಹತ್ತು ನಿಮಿಷ ಬಿಲ್ಲೆ ಬಿಲ್ಲೆಯಾಗಿ ಕೊಯ್ಯಿಸುತ್ತಿದ್ದರು. ಆಮೇಲೆ ಮಿಷನ್ ಆಫ್ ಮಾಡಿಸಿ ಈ ಮಾತು. ಗಿರಾಕಿ ನಗುತ್ತ ಕುತ್ತಿಗೆಗೆ ಕೈ ಹಾಕುತ್ತಿದ್ದ. ಬೆರಳು ಜೋಮು ಹಿಡಿದು, ಬಟನ್ ಕಾಜಾದೊಳಗೆ ಹೋಗದೆ ತಡವರಿಸಿತೋ, ಮುಗಿಯಿತು. "ಇದು ನಿಮಗಲ್ರಿ. ಸಣ್ಣದು ನೋಡಾಣ ಬರ್ರಿ" ಎಂದು ಮಿಷನ್ ಕಸಿದುಕೊಂಡೇ ಬಿಡುತ್ತಿದ್ದರು. ಮಾರುವವನೇ ದೊಡ್ಡ ಮಾಲು ಬಿಟ್ಟು ಸಣ್ಣ ಮಾಲಿಗೆ ಇಳಿಸುವ ವ್ಯಾಪಾರವನ್ನು ನಾನು ನನ್ನ ಜೀವಮಾನದಲ್ಲಿ ನೋಡಿದ್ದು ಅಲ್ಲಿ ಮಾತ್ರ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಹರಿಹರದಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಅವರು ಎಲ್ಲರಿಗೂ 'ಅಳಿಯಂದ್ರು'. ಅಂಗಡಿ ಮಾವನದು. ಮಾವನಿಗೆ ಗಂಡು ಮಕ್ಕಳಿಲ್ಲ, ಒಬ್ಬಳೇ ಮಗಳು. ಹಾಗಾಗಿ ಇವರನ್ನು ಮನೆಯಳಿಯನಾಗಿ ತಂದುಕೊಂಡಿದ್ದರು. ಮಾವ ದಿನಕ್ಕೆ ನೂರು ಸಲ "ಅಳಿಯಂದ್ರೆ" ಎಂದು ಕೂಗುತ್ತಿದ್ದುದರಿಂದ ಪಕ್ಕದ ಟೈರ್ ಅಂಗಡಿಯವನಿಗೂ ಅವರು ಅಳಿಯಂದ್ರು, ಚಹಾ ತರುವವನಿಗೂ ಅಳಿಯಂದ್ರು. ತಲೆ ಪೂರ್ತಿ ಬೆಳ್ಳಗಾದ ಮೇಲೂ ಇಡೀ ಓಣಿಗೆ ಅವರು ಅಳಿಯಂದ್ರೇ. ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರು ನನ್ನನ್ನು 'ಹದಡಿ ಸಾಹುಕಾರ್ರು' ಎನ್ನುತ್ತಿದ್ದರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಚೇಷ್ಟೆ.

ನಾನು ಸಾಹುಕಾರನಲ್ಲ. ದಾವಣಗೆರೆಯ ಎಪಿಎಂಸಿಯಲ್ಲಿ ಮೂಟೆ ಹೊತ್ತು ಶುರು ಮಾಡಿದವನು. ಹಳೇ ಪಂಪ್‌ಸೆಟ್, ಹಳೇ ಟಿಲ್ಲರ್ ಕೊಂಡು, ತೊಳೆದು, ಬಣ್ಣ ಬಳಿದು ಮಾರುತ್ತ ಮಾರುತ್ತ ಹದಡಿಯಲ್ಲಿ ಮೂರೆಕರೆ, ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ಮನೆ ಮಾಡಿಕೊಂಡೆ. ಚೌಕಾಸಿ ನನ್ನ ಕಸುಬು. ಎದುರಿನವನು ಬೆಲೆ ಹೇಳುವಾಗ ನಾನು ಅವನ ಬಾಯಿ ನೋಡುವುದಿಲ್ಲ, ಕೈ ನೋಡುತ್ತೇನೆ. ಮಾಲಿನ ಮೇಲೆ ಕೈ ಇಟ್ಟೇ ಇದ್ದರೆ ಅವನಿಗೆ ಮಾರಲು ಮನಸ್ಸಿಲ್ಲ. ಕೈ ಹಿಂದೆ ಸರಿದರೆ ಇಳಿಯುತ್ತಾನೆ. ನಿಮಗೂ ಹೇಳುತ್ತೇನೆ, ಇದನ್ನು ಕಲಿತುಕೊಳ್ಳಿ, ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ. ನಾನು ಕೈ ನೋಡಿಯೂ ತಪ್ಪಿದ್ದು ಒಂದೇ ಸಲ. ಅದನ್ನು ಹೇಳಲಿಕ್ಕೇ ಇದೆಲ್ಲ.

ಮೊದಲ ಸಲ ಆ ಅಂಗಡಿಗೆ ಹೋದಾಗ ನಾನು ಸೀದಾ ಗೋಡೆಯ ಅತಿ ದೊಡ್ಡ ಮಿಷನ್ ತೋರಿಸಿ "ಅದು ಎಷ್ಟಕ್ಕೆ ಕೊಡ್ತೀರಿ?" ಎಂದೆ. ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಮಿಷನ್ನಿನ ಸರಪಣಿ ಹಾಸಿಕೊಂಡು, ದುಂಡನೆಯ ಅರದಿಂದ ಒಂದೊಂದೇ ಹಲ್ಲು ಹರಿತ ಮಾಡುತ್ತಿದ್ದ ಮನುಷ್ಯ ತಲೆ ಎತ್ತಲಿಲ್ಲ.

"ಏನು ಮರ ಅದಾವ್ರಿ ಹೊಲದಾಗೆ?"

"ಬದುವಿನ ಮೇಲೆ ನಾಲ್ಕು ಬೇವು, ಹತ್ತು ತೆಂಗು, ಒಂದಿಷ್ಟು ಸಿಲ್ವರ್ ಓಕ್."

"ವರ್ಷಕ್ಕೆ ಎಷ್ಟು ದಿನ ಕೊಯ್ತೀರಿ?"

"ಅದೆಂಗೆ ಹೇಳ್ಲಿ? ಗಾಳಿಗೆ ಬಿದ್ರೆ ಕೊಯ್ಯೋದು. ಬೇಲಿಗೆ ಗೂಟ, ಒಲೆಗೆ ಕಟ್ಟಿಗೆ."

"ಕೆಟ್ಟರೆ ಎಲ್ಲಿಗೆ ಒಯ್ತೀರಿ?"

"ಇಲ್ಲಿಗೇ."

ಆಗ ತಲೆ ಎತ್ತಿದರು. "ಹಂಗಾದ್ರೆ ನಿಮಗೆ ಹದಿನಾಲ್ಕು ಇಂಚಿನ ಬಾರ್, ಈ ಸರಪಣಿ ಓಡೋ ಪಟ್ಟಿ, ಸಾಕು. ಬಾಳ ಅಂದ್ರೆ ಹದಿನಾರು. ಮೂವತ್ತೈದರಿಂದ ನಲವತ್ತು ಸಿಸಿ ಇಂಜಿನ್ನು, ಐದು ಕೆಜಿ ಒಳಗೆ. ದೊಡ್ಡದು ಒಯ್ದರೆ ಎರಡು ತ್ರಾಸೈತೆ. ಒಂದು, ನಿಮ್ಮ ಸೊಂಟ. ಎರಡು, ನಿಮ್ಮ ಬೀಗರು."

"ಬೀಗರು ಯಾಕ್ರಿ?"

"ಇಪ್ಪತ್ತೆರಡು ಇಂಚಿನ ಬಾರ್ ಇಟ್ಕೊಂಡಾನೆ ಅಂತ ಸುದ್ದಿ ಆದ್ರೆ ಸುತ್ತ ಹತ್ತು ಹಳ್ಳ್ಯಾಗೆ ನಿಮಗೆ ಬಂಧು ಅಲ್ಲದೋರು ಯಾರೂ ಉಳಿಯಾದಿಲ್ಲ. ಎಲ್ಲರ ಹುಣಸೆ ಮರಾನೂ ನಿಮ್ಮ ಮೇಲೇ ಬೀಳ್ತಾವೆ. ಸಣ್ಣ ಮಿಷನ್ ಇದ್ರೆ ಯಾರೂ ಕೇಳಾದಿಲ್ರಿ."

ನನಗೆ ಸಿಟ್ಟು ಬಂತು. ಮಾಲು ಮಾರಲು ಬರದವನು ಎಂದುಕೊಂಡೆ. ಅಲ್ಲಿಂದೆದ್ದು ಬಂದು, ಯಾರೋ ಮಾರಲು ಇಟ್ಟಿದ್ದ ಇಪ್ಪತ್ತೆರಡು ಇಂಚಿನ ಹಳೇ ಮಿಷನ್ನನ್ನು ಮೂರು ದಿನ ಚೌಕಾಸಿ ಮಾಡಿ ಹೊಡೆದುಕೊಂಡೆ. ಎಂಟು ಕೆಜಿ ಕಬ್ಬಿಣ. ಊರೆಲ್ಲ ತೋರಿಸಿದೆ. ಆರು ತಿಂಗಳಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗನ ಷಡ್ಡಕನ ಹುಣಸೆ ಮರದ ತನಕ ಎಲ್ಲವನ್ನೂ ಕೊಯ್ದು ಬಂದೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಹಳ್ಳಿಯಲ್ಲಿ ಮಿಷನ್ ಇಟ್ಟುಕೊಂಡವನು ಮಿಷನ್ನಿನ ಮಾಲೀಕನಲ್ಲ, ಅದರ ಜೀತದಾಳು.

ಮುಂಗಾರಿನ ಗಾಳಿಗೆ ನಮ್ಮ ಬೇವಿನ ಮರವೇ ಮಗುಚಿ ಕಾಲುವೆಗೆ ಅಡ್ಡ ಬಿದ್ದಾಗ ಗರ್ವದಿಂದ ಮಿಷನ್ ಹೊತ್ತು ಹೋದೆ. ಮೇಲಿನಿಂದ ಕೊಯ್ಯುತ್ತ ಅರ್ಧ ಇಳಿದಿದ್ದೆ. ಮರ ಕಟಕ್ಕೆಂದು ಬಾಯಿ ಮುಚ್ಚಿತು. ಬಾರ್ ಒಳಗೆ, ನಾನು ಹೊರಗೆ. ಎಳೆದೆ, ಒದ್ದೆ, ಬೈದೆ. ಮಿಷನ್ ಅಲ್ಲಾಡಲಿಲ್ಲ. ಕಾಲುವೆಯಲ್ಲಿ ನೀರು ಏರುತ್ತಿತ್ತು. ಮಾನ ಬಿಟ್ಟು, ಸರಪಣಿ ಹರಿತಕ್ಕೆ ಹೋಗಿ ಹೋಗಿ ಬಳಕೆಯಾಗಿದ್ದ ಹರಿಹರದ ಅಂಗಡಿಗೇ ಫೋನ್ ಮಾಡಿದೆ.

"ಅಳಿಯಂದ್ರೆ, ಒಂದೀಟು ಬಂದುಬಿಡ್ರಿ. ಮುಕ್ಕಾಲು ಗಂಟೆ ದಾರಿ. ಕಾರು ಕಳಿಸ್ತೀನಿ."

"ಬರಾಕಾಗಾದಿಲ್ರಿ. ಮಾವಾರು ಊಟ ಮಾಡಿ ಮಲಗ್ಯಾರೆ. ಎದ್ದ ಕೂಡ್ಲೆ ನನ್ನ ಮುಖ ಕಾಣ್ಬೇಕು, ಇಲ್ಲಾಂದ್ರೆ ಗಾಬರಿ ಬೀಳ್ತಾರೆ. ಸ್ಪೀಕರಿಗೆ ಹಾಕಿ ಫೋನ್ ದಿಮ್ಮಿ ಮೇಲೆ ಇಡ್ರಿ. ಮರದ ಎರಡೂ ತುದಿ ನೆಲದ ಮೇಲೈತೋ, ಒಂದು ತುದಿ ಗಾಳ್ಯಾಗೈತೋ?"

"ಎರಡೂ ದಡದ ಮೇಲೈತೆ. ನಡುವೆ ನೀರು."

"ಹಂಗಾದ್ರೆ ಹೊಟ್ಟೆ ಜೋತು ಬಿದ್ದೈತೆ. ಮೇಲೆ ಬಾಯಿ ಮುಚ್ಚತೈತೆ, ಕೆಳಗೆ ಬಾಯಿ ತೆಗೀತೈತೆ. ನೀವು ಮುಚ್ಚೋ ಬಾಯಾಗೆ ಕೈ ಇಟ್ಟೀರಿ, ಹದಡಿ ಸಾಹುಕಾರ್ರೆ. ಮೇಲೆ ಸೊಲ್ಪ ಗೀರಿ, ಉಳಿದಿದ್ದು ಕೆಳಗಿಂದ ಕೊಯ್ಬೇಕಿತ್ತು. ಈಗ ಎಳೀಬ್ಯಾಡ್ರಿ. ಸಿಕ್ಕಿಹಾಕ್ಕೊಂಡಿದ್ದನ್ನ ಎಳೆದ್ರೆ ಮುರೀತೈತೆ, ಇಲ್ಲಾ ಬಗ್ಗತೈತೆ. ಭಾರ ತೆಗೀರಿ, ತಾನೇ ಬರ್ತೈತೆ."

ಮರದ ಬೆಣೆ ಕೆತ್ತಿಸಿ, ಸೀಳಿಗೆ ಬಡಿಸಿ, ಟ್ರ್ಯಾಕ್ಟರಿನ ಜಾಕ್ ಕೆಳಗೆ ಕೊಡಿಸಿ, ಒಂದು ಗಂಟೆ ಫೋನಿನಲ್ಲೇ ಇದ್ದರು. ಬಾರ್ ಬೆಣ್ಣೆಯಂತೆ ಹೊರಬಂತು. ಹರಿಹರದ ಸ್ಟೂಲಿನ ಮೇಲೆ ಕೂತ ಮನುಷ್ಯ ಹದಡಿಯ ಕಾಲುವೆಯ ಮೇಲಿನ ಮರ ಕಡಿಸಿದ್ದ. ಹೀಗೆ ಅವರು ಚನ್ನಗಿರಿಯ, ಹೊನ್ನಾಳಿಯ, ರಾಣೆಬೆನ್ನೂರಿನ ಎಷ್ಟೋ ಮರ ಕಡಿಸಿದ್ದಾರೆಂದು ಆಮೇಲೆ ಗೊತ್ತಾಯಿತು. ಒಂದನ್ನೂ ಕಣ್ಣಿನಿಂದ ನೋಡಿದವರಲ್ಲ.

ಮರುವಾರ ಹೋಗಿ ಆ ಎಂಟು ಕೆಜಿಯನ್ನು ಕೌಂಟರಿನ ಮೇಲೆ ಇಟ್ಟೆ. "ಇದನ್ನ ಇಟ್ಕೊಂಡು ಸಣ್ಣದು ಕೊಡ್ರಿ."

ಒಂದು ಮಾತು ಆಡಿಕೊಳ್ಳಲಿಲ್ಲ. ಬದಲಿಗೆ ಹಿಂದಿನ ಅಂಗಳಕ್ಕೆ ಕರೆದೊಯ್ದು ಸಣ್ಣ ಮಿಷನ್ನುಗಳನ್ನು ಒಂದೊಂದಾಗಿ ಕೊಯ್ಯಿಸಿ, ಒಂದೊಂದು ಸಲವೂ ಬಟನ್ ಹಾಕಿಸಿದರು. ಗಿರಾಕಿಗಳೆಲ್ಲ ಪವರ್ ಕೇಳುತ್ತಾರಂತೆ, ನಡುಕ ಕೇಳುವವರೇ ಇಲ್ಲವಂತೆ. "ಹಿಡಿಕೆಗೂ ಇಂಜಿನ್ನಿಗೂ ನಡುವೆ ಸ್ಪ್ರಿಂಗ್ ಐತೋ, ರಬ್ಬರ್ ಐತೋ, ಏನೂ ಇಲ್ಲೋ, ಅದನ್ನ ನೋಡ್ರಿ ಮೊದ್ಲು. ಸರಪಣಿ ಬ್ರೇಕ್ ನೋಡ್ರಿ. ಬಿಡಿಭಾಗ ಊರಾಗೆ ಸಿಗ್ತಾವೋ ಕೇಳ್ರಿ. ಪವರ್ ಕೊನೇಗೆ." ಹಾಗೆನ್ನುತ್ತ ತಮ್ಮ ಬಲಗೈ ಬೆರಳುಗಳನ್ನು ಎಡಗೈಯಲ್ಲಿ ತಿಕ್ಕಿಕೊಳ್ಳುತ್ತಿದ್ದರು. ಅದು ಅವರ ಅಭ್ಯಾಸ ಎಂದುಕೊಂಡಿದ್ದೆ.

ನನ್ನ ಮನಸ್ಸಿಗೆ ಹಿಡಿಸಿದ ಮಿಷನ್ ಅವರು ತೋರಿಸಿದ್ದಲ್ಲ. ಅಂಗಡಿಯ ಮೇಲಿನ ಕಪಾಟಿನಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದ ಒಂದು ಹದಿನಾಲ್ಕು ಇಂಚಿನದು. ಟವೆಲ್ ಸರಿದು ಅದರ ಹಿಡಿಕೆ ಮಾತ್ರ ಕಾಣುತ್ತಿತ್ತು. ಹೊಸದೇ. ವ್ಯಾಪಾರಿಯ ಕಣ್ಣಿಗೆ ಬಚ್ಚಿಟ್ಟ ಮಾಲೇ ಮೊದಲು ಕಾಣುವುದು.

"ಅದು ಕೊಡ್ರಿ."

"ಅದು ಮಾರಾದಿಲ್ರಿ."

"ಎಲ್ಲಕ್ಕೂ ಒಂದು ಬೆಲೆ ಐತೆ."

"ಅದು ನಂದು."

ಆ ಅಂಗಡಿಯಲ್ಲಿ ಅವರು 'ನಂದು' ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಉಳಿದದ್ದೆಲ್ಲ 'ಮಾವಾರ್ದು'.

ಬೇರೆಯದೇ ಒಂದು ಕೊಂಡು ಬಂದೆ. ಆದರೆ ನನ್ನ ಸ್ವಭಾವ, ಬಿಡಲಿಲ್ಲ. ಸರಪಣಿ ಹರಿತ ಮಾಡಿಸುವ ನೆಪದಲ್ಲಿ ಹೋದಾಗಲೆಲ್ಲ ಮೇಲಿನ ಕಪಾಟಿನ ಮಾತು ಎತ್ತುತ್ತಿದ್ದೆ. ಹಾಗೆ ಸ್ವಲ್ಪ ಸ್ವಲ್ಪವಾಗಿ ಅದರ ಕಥೆ ಹೊರಬಿತ್ತು.

ಮಾಯಕೊಂಡದ ಆಚೆ ಅವರ ಪಾಲಿಗೆ ಬಂದ ನಾಲ್ಕೆಕರೆ ಒಣಭೂಮಿ ಇತ್ತು. ಕಾಲುವೆ ಹತ್ತದ ನೆಲ. ಅವರು ಮನೆಯಳಿಯನಾಗಿ ಬಂದ ಮೇಲೆ ನೋಡುವವರಿಲ್ಲದೆ ಪೂರ್ತಿ ಬಳ್ಳಾರಿ ಜಾಲಿ ಎದ್ದಿತ್ತು. ಅದರ ನಟ್ಟನಡುವೆ ಅಪ್ಪನ, ಅವ್ವನ ಸಮಾಧಿ. ವರ್ಷಕ್ಕೊಮ್ಮೆ, ಹಿರಿಯರ ಹಬ್ಬಕ್ಕೆ, ಮಾವ ಅರ್ಧ ದಿನ ರಜೆ ಕೊಡುತ್ತಿದ್ದರು. ಅಳಿಯಂದ್ರು ಬಸ್ಸಿನಲ್ಲಿ ಎಡೆ ತೆಗೆದುಕೊಂಡು ಹೋಗುತ್ತಿದ್ದರು. ಜಾಲಿಮುಳ್ಳು ದಾಟಿ ಒಳಗೆ ಹೋಗಲಾಗದೆ ಬದುವಿನ ಮೇಲೇ ಎಡೆ ಇಟ್ಟು, ಆ ದಿಕ್ಕಿಗೆ ಕೈ ಮುಗಿದು, ಮಧ್ಯಾಹ್ನದ ಬಸ್ಸಿಗೆ ವಾಪಸ್.

"ಅದಕ್ಕೇನ್ರಿ, ಒಂದಿನ ಜೆಸಿಬಿ ಕರೆಸ್ರಿ, ಸಂಜೆ ಒಳಗೆ ಬಯಲು" ಎಂದು ನಾನು ಸಲಹೆ ಕೊಟ್ಟೆ. ಸಲಹೆ ಕೊಡುವುದರಲ್ಲಿ ನನಗೆ ಯಾವತ್ತೂ ಜಿಪುಣತನವಿಲ್ಲ.

"ಜೆಸಿಬಿಗೆ ಕಣ್ಣಿಲ್ರಿ. ಅವ್ವ ಎಲ್ಲೈತೆ, ಜಾಲಿ ಎಲ್ಲೈತೆ, ಅದಕ್ಕೇನು ಗೊತ್ತು? ಎರಡು ಕಲ್ಲು ನೆಟ್ಟಿದ್ವಿ, ಅಷ್ಟೇ ಗುರುತು."

"ಆಳು ಹಚ್ಚಿ ಕಡಿಸ್ರಿ."

"ಕಡಿದು ಬಂದ್ರೆ ಮೂರು ತಿಂಗಳಿಗೆ ಮತ್ತೆ ಆಳೆತ್ತರ ಏಳತೈತೆ. ಜಾಲಿ ಕಡಿದೋನು ಅಲ್ಲೇ ಇರಬೇಕು. ಚಿಗುರಿದಂಗೆಲ್ಲ ಸವರತಾ ಇರಬೇಕು. ಒಂದು ಜೋಪಡಿ ಹಾಕ್ಕೊಂಡು, ಒಂದು ಮೂಲೆಯಿಂದ ಶುರು ಮಾಡಿ, ದಿನಾ ಇಷ್ಟಿಷ್ಟು ಬಿಡಿಸ್ತಾ ಬಿಡಿಸ್ತಾ ಅವ್ವನ ತನಕ ಹೋಗೋದು. ನಾನೇ ಮಾಡ್ಬೇಕ್ರಿ ಅದು. ಅದಕ್ಕೇ ಅದನ್ನ ಆರಿಸಿಟ್ಟೀನಿ." ಮೇಲಿನ ಕಪಾಟು ನೋಡಿದರು. "ತೊಡೆ ಗಾತ್ರದ ಜಾಲಿ ತನಕ ಅದು ಸಾಕು. ಹಗುರ. ದಿನಕ್ಕೆ ನಾಲ್ಕು ತಾಸು ಹಿಡಿದ್ರೂ ಕೈಗೆ ತ್ರಾಸಿಲ್ಲ."

ನೂರಾರು ಮಿಷನ್ ಕೈಯಲ್ಲಿ ಹಿಡಿದ ಮನುಷ್ಯ ತನಗಾಗಿ ಆರಿಸಿಕೊಂಡದ್ದು ಅದು. ನನಗೆ ಆಸೆ ಇನ್ನೂ ಹೆಚ್ಚಾಯಿತು.

"ಮತ್ತೆ ಹೋಗ್ರಿ. ಯಾರು ಹಿಡಿದಾರೆ?"

ಅವರು ಹೊಸ್ತಿಲ ಕಡೆ ಕಣ್ಣು ತೋರಿಸಿದರು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾವ ಕೂತಿರುತ್ತಿದ್ದರು. ತೊಂಬತ್ತು ದಾಟಿದ ಜೀವ. ಬಿಳಿ ಧೋತ್ರ, ಹಣೆ ತುಂಬ ವಿಭೂತಿ, ಹಲ್ಲು ಮೂವತ್ತೆರಡೂ ಗಟ್ಟಿ. ಅಳಿಯಂದ್ರ ಮದುವೆಯ ದಿನ ಅವರ ಅಪ್ಪ ಕೈಯಲ್ಲಿ ವೀಳ್ಯ ಹಿಡಿದು ಬೀಗರಿಗೆ ಮಾತು ಕೊಟ್ಟಿದ್ದರಂತೆ: ನೀವು ಇರೋ ತನಕ ನನ್ನ ಮಗ ನಿಮ್ಮ ಅಂಗಡಿ ಹೊಸ್ತಿಲು ಬಿಟ್ಟು ಹೋಗುವುದಿಲ್ಲ. ಆಗ ಮಾವನಿಗೆ ಎದೆನೋವು ಬಂದು ಎದ್ದಿದ್ದ ಸಮಯ. ಹೆಚ್ಚೆಂದರೆ ಐದು ವರ್ಷ ಎಂದು ಎಲ್ಲರೂ ತಿಳಿದಿದ್ದರು.

"ನಮ್ಮ ಮಾವಾರು ಟೂ ಸ್ಟ್ರೋಕ್ ಇಂಜಿನ್ ಅಲ್ರಿ, ಹಳೇ ಡೀಸೆಲ್ ಇಂಜಿನ್. ಬಿಸಿ ಆಗಾದೂ ಇಲ್ಲ, ನಿಲ್ಲಾದೂ ಇಲ್ಲ" ಎಂದು ಒಮ್ಮೆ ಹೇಳಿ, ತಕ್ಷಣ ನಾಲಗೆ ಕಚ್ಚಿಕೊಂಡು, ಎರಡೂ ಕೆನ್ನೆ ಮುಟ್ಟಿಕೊಂಡರು. ಮಾವನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಎನ್ನಲಾರೆ. ಅವರ ಉಗುರು ಕತ್ತರಿಸುತ್ತಿದ್ದವರು ಇವರೇ. ಮಧ್ಯಾಹ್ನ ರಾಗಿ ಅಂಬಲಿ ಆರಿಸಿ ಕೊಡುತ್ತಿದ್ದವರು ಇವರೇ. ಮುದುಕರೂ ಕೆಟ್ಟವರಲ್ಲ. ಹೋಗಬೇಡ ಎಂದು ಯಾವತ್ತೂ ಹೇಳಲಿಲ್ಲ. ನನ್ನೆದುರಿಗೇ ಒಮ್ಮೆ ಮಾತು ಬಂದಿತ್ತು.

"ಮಾವಾರೆ, ಈ ಸಲ ದೀಪಾವಳಿ ಆದ್ಮೇಲೆ ಹೊಲಕ್ಕೆ ಹೋಗಿ ಇರಬೇಕು ಅಂತ ಮಾಡೀನಿ."

"ಹೋಗ್ರಿ ಅಳಿಯಂದ್ರೆ, ನಿಮ್ಮ ಹೊಲ, ಬ್ಯಾಡ ಅನ್ನಾಕೆ ನಾನ್ಯಾರು? ಈ ಕಬ್ಬಿನ ಸೀಸನ್ ಒಂದು ಮುಗೀಲಿ, ಆಲೆಮನೆಯೋರು ಕಟ್ಟಿಗೆಗೆ ಮಿಷನ್ ಕೇಳ್ಕೊಂಡು ಬರ್ತಾರೆ."

ಕಬ್ಬು ಮುಗಿದರೆ ಸಂಕ್ರಾಂತಿಯ ಮೇಲೆ ಬದುಗಳ ಮರ ಸವರುವ ಸೀಸನ್. ಅದು ಮುಗಿದರೆ ಬೇಸಿಗೆಯ ಕಟ್ಟಿಗೆ ಸೀಸನ್. ಆಮೇಲೆ ಮುಂಗಾರಿನ ಗಾಳಿ. ಬಿದ್ದ ಮರಗಳ ಸೀಸನ್ನಿನಲ್ಲಿ ಊಟಕ್ಕೆ ಬಿಡುವಿಲ್ಲ. ಮರ ಕೊಯ್ಯುವ ಮಿಷನ್ನಿನ ಅಂಗಡಿಗೆ ಸೀಸನ್ ಇಲ್ಲದ ತಿಂಗಳು ಯಾವುದು, ನೀವೇ ಹೇಳಿ. ಪ್ರತಿ ವರ್ಷ ದೀಪಾವಳಿಗೆ ಅಳಿಯಂದ್ರು ಆ ಟವೆಲ್ ಬಿಚ್ಚಿ, ಮಿಷನ್ ಒರೆಸಿ, ಸರಪಣಿಗೆ ಎಣ್ಣೆ ಬಿಟ್ಟು, ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಓಡಿಸಿ, ಮತ್ತೆ ಸುತ್ತಿ ಇಡುತ್ತಿದ್ದರು.

"ಇನ್ನೊಂದು ವರ್ಷ ಇಟ್ರೆ ಮಿಷನ್ನಿಗೂ ವಿಭೂತಿ ಹಚ್ಚಬೇಕಾಗತೈತೆ, ನನಗೆ ಕೊಟ್ಟುಬಿಡ್ರಿ" ಎಂದು ನಾನು ರೇಗಿಸುತ್ತಿದ್ದೆ.

"ನಿಮಗೆ ಹೆಂಗೆ ಕೊಡ್ಲಿ? ಅವ್ವ ಕಾಯ್ತೈತೆ" ಎಂದು ನಗುತ್ತಿದ್ದರು.

ಒಂದು ವರ್ಷ ಅವರು ಜುಬ್ಬದಲ್ಲಿ ಕೂತಿದ್ದರು. ಯಾವಾಗಲೂ ತೋಳು ಮಡಿಸಿದ ಬೂದು ಬಣ್ಣದ ಅಂಗಿ ಹಾಕುವವರು. ತಲೆಯ ಮೇಲಿಂದ ತೊಡುವ, ಕುತ್ತಿಗೆ ಅಗಲದ ಬಿಳಿ ಜುಬ್ಬ.

"ಏನ್ರಿ ಅಳಿಯಂದ್ರೆ, ಎಲೆಕ್ಷನ್ನಿಗೆ ನಿಂತ್ರೇನು?" ಎಂದು ನಾನು ಓಣಿಗೆಲ್ಲ ಕೇಳುವಂತೆ ಕೂಗಿದೆ. ಟೈರ್ ಅಂಗಡಿಯವನು "ಓಟು ನಿಮಗೇ ರೀ!" ಎಂದ. ಎಲ್ಲರೂ ನಕ್ಕೆವು. ಅವರೂ ನಕ್ಕರು. "ಸೆಕೆ ಬಾಳ ಅಲ್ರಿ, ಗಾಳಿ ಆಡತೈತೆ" ಎಂದರು. ಚಹಾ ಬಂದಾಗ ಲೋಟವನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು ಕುಡಿದರು. ನಾನು ಅದನ್ನು ನೋಡಿದೆ. ನೋಡಿ, ನನ್ನ ಲೋಟ ಎತ್ತಿಕೊಂಡೆ.

ಮಾವ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಅಂಬಲಿ ಕುಡಿದು ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಎದ್ದ ಕೂಡಲೆ ಯಾರ ಮುಖ ಕಾಣಬೇಕೆಂದಿದ್ದರೋ ಆ ಮುಖ ಎದುರಿಗೇ ಇತ್ತು, ಅವರು ಏಳಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಮಾತಾಡಿಸಲು ಹೋದೆ. ಖಾಲಿ ಕುರ್ಚಿ ಹೊಸ್ತಿಲಲ್ಲೇ ಇತ್ತು. ಗಿರಾಕಿಗಳು ಅದನ್ನು ಸುತ್ತುಹಾಕಿ ಒಳಗೆ ಬರುತ್ತಿದ್ದರು.

ಉಳಿದವರು ಬಾಯಿಬಿಡದ ಮಾತನ್ನು ನಾನು ಆಡಿಬಿಟ್ಟೆ. "ತಪ್ಪು ತಿಳೀಬ್ಯಾಡ್ರಿ ಅಳಿಯಂದ್ರೆ. ಭಾರ ಇಳೀತಲ್ಲ, ಇನ್ನ ಹೊರಡ್ರಿ. ಹದಡಿಯಿಂದ ನಾನೇ ತಗಡು, ಗಳ ಕಳಿಸ್ತೀನಿ, ಜೋಪಡಿಗೆ."

ಅವರ ಮುಂದೆ ಯಾರದೋ ಮಿಷನ್ ಬಿಚ್ಚಿ ಬಿದ್ದಿತ್ತು. ಅದರ ಬಾರ್ ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. "ಭಾರ ಇಳೀತ್ರಿ. ಆದ್ರೆ ಬಾಳ ದಿನ ಸಿಕ್ಕಿಹಾಕ್ಕೊಂಡಿತ್ತು ನೋಡ್ರಿ, ಬಾರ್ ಬಗ್ಗಿಬಿಟ್ಟೈತೆ." ಯಾರ ಮಿಷನ್ ಎಂದು ನಾನು ಕೇಳಲಿಲ್ಲ. ಬಗ್ಗಿದ ಬಾರ್ ನೆಟ್ಟಗೆ ಮಾಡಲು ಬರುವುದಿಲ್ಲ, ಹೊಸದು ಹಾಕಬೇಕು, ಅದು ನನಗೂ ಗೊತ್ತು. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಆಮೇಲೆ ತಾವಾಗಿಯೇ ಸ್ಟೂಲ್ ಹತ್ತಿ, ಆ ಟವೆಲ್ ಗಂಟನ್ನು ಎರಡೂ ಮೊಣಕೈಯಲ್ಲಿ ತಬ್ಬಿಕೊಂಡು ಇಳಿಸಿ ನನ್ನ ಮುಂದೆ ಇಟ್ಟರು. "ಒಯ್ರಿ."

ಅವರ ಕೈ ನೋಡಿದೆ. ಮಾಲಿನ ಮೇಲೆ ಇರಲಿಲ್ಲ. ಹಿಂದೆ ಸರಿದು ಜುಬ್ಬದ ಜೇಬಿನಲ್ಲಿತ್ತು. ಎದುರಿನವನು ಇಳಿದಿದ್ದಾನೆ, ಇನ್ನೂ ಇಳಿಯುತ್ತಾನೆ. ನಾನು ಅಂಗಡಿಯ ಬೆಲೆಗಿಂತ ಕಡಿಮೆ ಹೇಳಿದೆ. ಹೂಂ ಅಂದರು. ಅಷ್ಟು ಬೇಗ ಹೂಂ ಅಂದದ್ದಕ್ಕೆ ಇನ್ನೂ ಕಡಿಮೆ ಹೇಳಬೇಕಿತ್ತು ಎಂದು ಮನಸ್ಸಿನಲ್ಲೇ ಪೇಚಾಡಿದೆ.

"ಒಂದೇ ಮಾತು. ಎರವಲು ಕೊಡಬ್ಯಾಡ್ರಿ, ಮಣ್ಣು ಮುಟ್ಟಿಸಬ್ಯಾಡ್ರಿ. ಮಣ್ಣು ಮುಟ್ಟಿದ ಸರಪಣಿ ಅಲ್ಲಿಗೇ ಮುಗೀತು."

ಯಾವ ಮಿಷನ್ ಕೊಟ್ಟರೂ ಗಿರಾಕಿಯ ಮುಂದೆ ಒಂದು ಸಲ ತಾವೇ ಹಗ್ಗ ಎಳೆದು ಸ್ಟಾರ್ಟ್ ಮಾಡಿ ಕೊಡುವುದು ಅವರ ಪದ್ಧತಿ. ಅವತ್ತು "ನೀವೇ ಎಳೀರಿ" ಅಂದರು. ಒಂದೇ ಎಳೆತಕ್ಕೆ ಹತ್ತಿತು. ನಾನು ದಾವಣಗೆರೆಯ ತನಕ ಸ್ಕೂಟರಿನಲ್ಲಿ ಹಾಡು ಗುನುಗುತ್ತ ಬಂದೆ. ಇಷ್ಟು ವರ್ಷ ಬೆನ್ನು ಹತ್ತಿ ಕೊನೆಗೂ ಗೆದ್ದೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ.

ಮೊನ್ನೆ ದೀಪಾವಳಿ ಕಳೆದ ವಾರ, ಸಂಜೆ ಹೊತ್ತಿಗೆ ಅವರ ಹೆಂಡತಿಯ ಫೋನ್ ಬಂತು. ಅಳು ಇರಲಿಲ್ಲ, ದನಿ ಒಣಗಿತ್ತು.

"ಅಣ್ಣಾರೆ, ಅವರು ಹೋಗಿಬಿಟ್ರು. ಮಧ್ಯಾಹ್ನ. ಎದೆ ಹಿಡ್ಕೊಂತು ಅಂದ್ರು, ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಮಾಯಕೊಂಡದ ಹೊಲಕ್ಕೇ ಒಯ್ಬೇಕು ಅಂತ ಬಾಳ ಸಲ ಹೇಳಿದ್ರು. ಅವ್ವನ ಮಗ್ಗಲಿಗೆ. ನಾಳೆ ಹೊತ್ತೇರೋದ್ರೊಳಗೆ ಜಾಗ ಆಗ್ಬೇಕು. ಒಳಗೆ ಹೋಗಾಕೆ ದಾರಿ ಇಲ್ಲ. ನಿಮ್ಮ ಹತ್ರ ಅವರ ಮಿಷನ್ ಐತಲ್ಲ."

ಅವರ ಮಿಷನ್ ಎಂದರು.

"ಅಕ್ಕಾರೆ, ಒಂದು ಕೇಳ್ಲಾ? ಯಾಕೆ ಮಾರಿದ್ರು ಅದನ್ನ? ಮಾವಾರು ಹೋದ್ಮೇಲೆ ಯಾರೂ ತಡೆಯೋರು ಇರಲಿಲ್ಲ."

"ಹಗ್ಗ ಎಳೆಯಾಕೆ ಬರ್ತಿರಲಿಲ್ಲ ಅಣ್ಣಾರೆ. ಬೆರಳು ಸತ್ತೋಗಿದ್ವು. ಮೊದ್ಲಿನ ಮಿಷನ್ನು ಸ್ಪ್ರಿಂಗು ಗಿಂಗು ಏನೂ ಇಲ್ಲದವು, ಹತ್ತಾರು ವರ್ಷ ಗಿರಾಕಿಗೆ ಕೊಯ್ದು ತೋರಿಸಿ ತೋರಿಸಿ ಹಂಗಾತು ಅಂತ ಡಾಕ್ಟ್ರು ಅಂದ್ರು. ಎರಡು ವರ್ಷ ನಾನೇ ಬಟನ್ ಹಾಕಿ ಕಳಿಸ್ತಿದ್ದೆ. ಅಂಗಡ್ಯಾಗೆ ಬಿಚ್ಚಿಕೊಂಡ್ರೆ ಯಾರು ಹಾಕೋರು? ಅದಕ್ಕೇ ಜುಬ್ಬ ಹೊಲಿಸಿದ್ವಿ."

ಬೆಳಕು ಹರಿಯುವ ಹೊತ್ತಿಗೆ ಮಾಯಕೊಂಡ ದಾಟಿದೆ. ಬದುವಿನ ಮೇಲೆ ಹಿಂದಿನ ತಿಂಗಳ ಎಡೆಯ ಬಾಳೆ ಎಲೆ ಒಣಗಿ ಬಿದ್ದಿತ್ತು. ಅಲ್ಲಿಂದ ಮುಂದೆ ಜಾಲಿ ಗೋಡೆಯಂತೆ ನಿಂತಿತ್ತು. ಹಸಿರು ಮುಳ್ಳು, ಒಂದರೊಳಗೊಂದು ಹೆಣೆದ ಕೊಂಬೆ. ಅವರ ದಾಯಾದಿಗಳು ನಾಲ್ಕು ಮಂದಿ ಕುಡುಗೋಲು, ಹಾರೆ ಹಿಡಿದು ಕಾಯುತ್ತಿದ್ದರು. ಅವರಲ್ಲಿ ಹಿರಿಯನೊಬ್ಬ ನನ್ನ ಕೈ ನೋಡಿ, "ಇಷ್ಟು ಸಣ್ಣ ಮಿಷನ್ನಿಗೆ ಆಗತೈತೇನ್ರಿ ಇದು?" ಎಂದ.

"ಆರಿಸಿದೋರು ಅವರು" ಎಂದೆ.

ಬದುವಿನಿಂದ ಶುರು ಮಾಡಿದೆ. ಬಾಗಿ ನಿಂತ ಪ್ರತಿ ಬುಡದ ಮುಂದೆ ಒಂದು ಕ್ಷಣ ನಿಂತು, ಇದು ಎಲ್ಲಿ ಬಾಯಿ ಮುಚ್ಚುತ್ತದೆ, ಎಲ್ಲಿ ತೆಗೆಯುತ್ತದೆ ಎಂದು ನೋಡಿ ಕೊಯ್ದೆ. ಒಂದು ಸಲವೂ ಬಾರ್ ಸಿಕ್ಕಿಕೊಳ್ಳಲಿಲ್ಲ. ನೆಲದಿಂದ ಗೇಣು ಮೇಲೆ ಹಿಡಿದೆ, ಮಣ್ಣು ಮುಟ್ಟಿಸಲಿಲ್ಲ. ನಾನು ಕೊಯ್ದಂತೆ ದಾಯಾದಿಗಳು ಮುಳ್ಳು ಎಳೆದು ಪಕ್ಕಕ್ಕೆ ಹಾಕುತ್ತ ಬಂದರು. ನಡುವೆ ಎರಡು ಸಲ ಪೆಟ್ರೋಲು, ಎಣ್ಣೆ ತುಂಬಿಸಿದೆ. ಮೂರು ತಾಸು. ಹೊತ್ತು ಮಾರುದ್ದ ಏರುವಾಗ ಒಂದು ದಪ್ಪ ಬುಡ ಉರುಳಿತು, ಅದರ ಹಿಂದೆ ಅಕ್ಕಪಕ್ಕ ಎರಡು ಕಲ್ಲು ಕಂಡವು. ಒಂದಕ್ಕೆ ಜಾಲಿಯ ಬೇರು ಸುತ್ತಿಕೊಂಡಿತ್ತು.

ಮಿಷನ್ ಆಫ್ ಮಾಡಿದೆ. ಕಿವಿಯಲ್ಲಿ ಗುಂಯ್ ಎನ್ನುವ ಮೌನ. ದೂರದ ರಸ್ತೆಯಲ್ಲಿ ಹೆಣದ ಗಾಡಿ ತಿರುಗುತ್ತಿತ್ತು, ಹಲಗೆ ಬಾರಿಸುವ ಸದ್ದು ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಹಾರೆಯವರು ಎರಡನೇ ಕಲ್ಲಿನ, ಅವ್ವನ ಕಲ್ಲಿನ, ಮಗ್ಗಲಿಗೆ ಅಳತೆ ಹಾಕಿ ಅಗೆಯತೊಡಗಿದರು.

ಬದುವಿಗೆ ಬಂದು, ಮುಳ್ಳಿಗೆಂದು ತೊಟ್ಟಿದ್ದ ಹರಕು ಅಂಗಿ ಬಿಚ್ಚಿ, ಅಲ್ಲಿ ಇಟ್ಟಿದ್ದ ಒಳ್ಳೆಯ ಅಂಗಿಯನ್ನು ತೊಟ್ಟುಕೊಂಡೆ. ಹೆಣದ ಎದುರು ಹಾಗೆ ನಿಲ್ಲಬಾರದಲ್ಲ. ಕೆಳಗಿನಿಂದ ಒಂದೊಂದೇ ಬಟನ್ ಹಾಕುತ್ತ ಕುತ್ತಿಗೆಯ ತನಕ ಬಂದೆ. ಅಲ್ಲಿ ಒಂದು ಕ್ಷಣ ಕೈ ನಿಂತಿತು.

ಹಾಕಿದೆ. ಒಂದೇ ಸಲಕ್ಕೆ ಬಿತ್ತು.